ಕಲ್ಲಿನ ಬಾಬತ್ತು

ಟಾರ್ಕಿಲ್ ಗಿಲೀಸ್ ಸಾಹೇಬರ ಮನೆಗೆ ಮೂವತ್ತೊಂದು ಕೋಣೆ,
ಮೂವತ್ತೊಂದಕ್ಕೂ ಉಣ್ಣೆಯೇ ಬುನಾದಿ.
ಕಡುನೀಲಿ ಕಲ್ಲು, ಲಂಡನ್ನಿನ ಗಾಜು, ಕಲ್ಕತ್ತೆಯಿಂದ ಬಂದ ತೇಗ.
ಅತಿಥಿಗಳು ಕೇಳಿದರೆ ಒಂದೊಂದರ ದರವನ್ನೂ ಹೇಳುತ್ತಾರೆ,
ಕಲ್ಲಿನದೊಂದು ಬಿಟ್ಟು.
ಕಲ್ಲು ಪುಕ್ಕಟೆ.

ಖಾತೆ ಪುಸ್ತಕ ಹನ್ನೆರಡು. ಚರ್ಮದ ರಟ್ಟು, ಕುರಿಯದೇ.
ಸಾವಿರದೆಂಟುನೂರ ನಲವತ್ತೊಂದು: ಹಡಗಿನಿಂದ ಇಳಿಸಿದ್ದು ಆರುನೂರು,
ಕಜ್ಜಿಗೆ ಸತ್ತದ್ದು ಇನ್ನೂರ ಹದಿನಾಲ್ಕು,
ಗಂಧಕ, ಹೊಗೆಸೊಪ್ಪಿನ ಕಷಾಯ, ನಾಲ್ಕು ಪೀಪಾಯಿ.
ಆಗ ಮಲಗುತ್ತಿದ್ದದ್ದು ತೊಗಟೆಯ ಗುಡಿಸಿಲಲ್ಲಿ,
ಒಂದು ಪಕ್ಕ ಕುರಿ, ಇನ್ನೊಂದು ಪಕ್ಕ ಬಂದೂಕು.
ಹತ್ತು ವರ್ಷಕ್ಕೆ ಅರವತ್ತು ಸಾವಿರ.
ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅನ್ನುವ ಗಾದೆಯನ್ನು
ವಿಕ್ಟೋರಿಯಾದ ಆ ಬಯಲಿಗೂ ಯಾರೋ ಹೇಳಿ ಕಳಿಸಿದಂತಿತ್ತು.
ಕುದುರೆ ಹತ್ತಿ ದಿನವಿಡೀ ಹೋದರೂ ಅವರದೇ ಹುಲ್ಲು,
ಹುಲ್ಲಿನ ಕೊನೆಗೆ ಅವರದೇ ಸೂರ್ಯಾಸ್ತ.

ಹುಲ್ಲಿನ ನಡುವೆ ಅಲ್ಲಿ ಗೆಡ್ಡೆಯಿತ್ತು.
ಹಳದಿ ಹೂವಿನ ಗೆಡ್ಡೆ. ಹೆಂಗಸರು ಕೋಲಿನಿಂದ ಮೀಟಿ ತೆಗೆದು
ಬುಟ್ಟಿ ತುಂಬಿಸಿ ಕೆಂಡದಲ್ಲಿ ಸುಡುತ್ತಿದ್ದರು.
ಕುರಿಗಳಿಗೆ ಅದು ಬಹಳ ಇಷ್ಟವಾಯಿತು.
ಎರಡೇ ಬೇಸಗೆ.
ಖಾತೆಯಲ್ಲಿ ಅದಕ್ಕೊಂದು ಬಾಬತ್ತಿಲ್ಲ.

ಇನ್ನು ಕಲ್ಲಿನ ಬಾಬತ್ತು.
ಜೌಗಿನ ಅಂಚಲ್ಲಿ, ಹಾವುಮೀನು ಬರುವ ಹಾದಿಯಲ್ಲಿ
ಯಾರೋ ಯಾವಾಗಲೋ ಕಟ್ಟಿದ ಮೊಳಕಾಲೆತ್ತರದ ಒಡ್ಡುಗಳು,
ತಿರುವಿಗೊಂದು ಕಂಡಿ, ಕಂಡಿಗೊಂದು ಹೆಣೆದ ಬುಟ್ಟಿ,
ಪಕ್ಕದಲ್ಲೇ ಅರ್ಧಚಂದ್ರದ ಹಾಗೆ ಬಾಗಿದ ಮನೆಗೋಡೆಗಳು.
"ತಾನಾಗಿ ಬಿದ್ದಿರುವ ಕಲ್ಲು" ಎಂದು ಬರೆಸಿದರು ಗಿಲೀಸ್.
ಎತ್ತಿನ ಬಂಡಿ ನಲವತ್ತು ದಿನ ಹೊಡೆಯಿತು.

ಅಡುಗೆಮನೆಯ ಹಿಂದೆ ಪಾತ್ರೆ ತಿಕ್ಕುವವಳು ನೆಲ್ಲಿ.
ಅವಳ ಹೆಸರಲ್ಲ ಅದು, ಅವಳ ಹೆಸರು ನಾಲಿಗೆಗೆ ಹೊರಳದವರು ಕೊಟ್ಟದ್ದು.
ನನ್ನ ಭಾಷೆಯಲ್ಲಿ ಅದೊಂದು ಕಾಯಿ, ಮೊದಲು ಒಗರು,
ಮೇಲೆ ನೀರು ಕುಡಿದರೆ ಸಿಹಿ. ಅಲ್ಲಿ ನೀರು ಯಾರು ಕೊಟ್ಟರು.
ಊಟದ ಕೋಣೆ ಒರೆಸಲು ಹೋದಾಗೆಲ್ಲ
ಅಗ್ಗಿಷ್ಟಿಕೆಯ ಎಡಕ್ಕೆ, ಮೂರನೆಯ ವರಸೆಯ ಒಂದು ಕಲ್ಲಿಗೆ
ಅಂಗೈ ಇಟ್ಟು ನಿಲ್ಲುತ್ತಾಳೆ.
ಅದರ ಮೇಲೆ ಕೂತು ಅವಳಜ್ಜಿ ಬುಟ್ಟಿ ಹೆಣೆಯುತ್ತಿದ್ದಳು.
ಯೂಫೀಮಿಯಾ ಅಮ್ಮಾವರು: "ಕೈ ಗುರುತು ಬೀಳುತ್ತೆ, ನೆಲ್ಲಿ."

ಅರವತ್ತೊಂಬತ್ತಕ್ಕೆ ಗಿಲೀಸರಿಗೆ ಪಾರ್ಶ್ವವಾಯು.
ಇಂಗ್ಲಿಷು ಮೊದಲು ಹೋಯಿತು, ಎಣಿಕೆ ಆಮೇಲೆ.
ಉಳಿದದ್ದು ಅಮ್ಮನ ಮಾತು, ಗೇಲಿಕ್,
ಮಗನಿಗೂ ಕಲಿಸದೆ, ಮೆಲ್ಬರ್ನಿನ ಕ್ಲಬ್ಬಿನಲ್ಲಿ ಬಾಯಿಗೆ ಬಾರದಂತೆ
ನಲವತ್ತು ವರ್ಷ ಬೀಗ ಹಾಕಿಟ್ಟದ್ದು.
ಒಂದೇ ಮಾತು, ಮೂರು ದಿನ, ತೋಳನ್ನು ಪಕ್ಕೆಗೆ ಒತ್ತಿಕೊಂಡು.
ಬಟ್ಟೆ ಒಗೆಯುವ ಮೊರಾಗ್ ಮುದುಕಿಯನ್ನು ಕರೆಸಿದರು.
ಒದ್ದೆ ಕೈಯಲ್ಲೇ ಬಾಗಿ ಕೇಳಿದಳು.
"ಕೋಳಿ," ಎಂದಳು. "ಕೋಳಿ ಎಲ್ಲಿ ಅಂತಾರೆ."

ತಕ್ಷಣ ಎರಡು ಕೋಳಿ ಕೊಯ್ದು ಸಾರು ಮಾಡಿದರು.

ಯಾರಿಗೆ ಗೊತ್ತಿತ್ತು,
ಸದರ್ಲೆಂಡಿನ ಕಣಿವೆಯಲ್ಲಿ ಏಳು ವರ್ಷದ ಹುಡುಗ,
ಕುರಿಗಳಿಗೆ ಜಾಗ ಬೇಕೆಂದು ದೊರೆಯ ಪಾರುಪತ್ತೇಗಾರ
ಹುಲ್ಲುಮಾಡಿಗೆ ಬೆಂಕಿ ಇಡಿಸಿದಾಗ
ಅಮ್ಮ ಹಿಟ್ಟಿನ ಪೆಟ್ಟಿಗೆ ಎಳೆದಳು, ಅಪ್ಪ ಒಂದು ತೊಲೆ,
ಅವನ ಪಾಲಿಗೆ ಬಂದದ್ದು ಒಂದು ಕಪ್ಪು ಹೇಂಟೆ.
ಹನ್ನೊಂದು ಮೈಲಿ, ಕಡಲಿನವರೆಗೆ, ಕಂಕುಳಲ್ಲಿ,
ಅದರ ಎದೆ ಡವಡವ ಅವನ ಪಕ್ಕೆಗೆ ಬಡಿಯುತ್ತ.
ದಂಡೆಯಲ್ಲಿ ಹೇಗೋ ತಪ್ಪಿಹೋಯಿತು. ಇಲ್ಲ, ಯಾರೋ ತಿಂದರು.

ಸಾರು ತಂದವಳು ನೆಲ್ಲಿ.
ಚಮಚ ತುಟಿಗೆ ತಾಗಿದಾಗ ಮುದುಕ ಮುಖ ತಿರುಗಿಸಿ
ಗೋಡೆಗೆ ಹಣೆ ಕೊಟ್ಟ.
ಕಲ್ಲು ತಣ್ಣಗಿತ್ತು.
ಆಚೆ ಶೆಡ್ಡಿನಲ್ಲಿ ಕತ್ತರಿಗಳು, ನಲವತ್ತು ಜೋಡಿ, ನಿಂತಿರಲಿಲ್ಲ.
ಅವಳು ಸ್ವಲ್ಪ ಹೊತ್ತು ಬಟ್ಟಲು ಹಿಡಿದು ನಿಂತು
ಆಮೇಲೆ ಕಿಟಕಿಯ ಬಳಿ ಹೋಗಿ, ಆತುರವಿಲ್ಲದೆ,
ತಾನೇ ಕುಡಿದಳು.